ಕಾಯುವುದಕ್ಕೆ ಏನೂ ಇಲ್ಲ: ಚಿತ್ರಸರಣಿ ಮುಗಿದಾಗ ಕಂಗೆಟ್ಟ ಅಭಿಮಾನಿಯೊಬ್ಬಳ ಪ್ರಕರಣ

2011ರ ಆಗಸ್ಟ್ ಕೊನೆಯ ವಾರ. ಹಳೇ ಮೈಸೂರು ಭಾಗದ ಒಂದು ಜಿಲ್ಲಾ ಕೇಂದ್ರದ ಪದವಿಪೂರ್ವ ಕಾಲೇಜು. ಭೌತಶಾಸ್ತ್ರದ ಉಪನ್ಯಾಸಕರು ದ್ವಿತೀಯ ಪಿಯುಸಿಯ ಒಬ್ಬ ಹುಡುಗಿಯನ್ನು ಆಪ್ತಸಲಹೆಯ ಕೊಠಡಿಗೆ ಕಳಿಸಿದರು. ಕೈಯಲ್ಲೊಂದು ಚೀಟಿ: "ಕ್ಲಾಸಿನಲ್ಲಿ ಕೂತಲ್ಲೇ ಅಳುತ್ತಾಳೆ. ಯಾಕೆ ಅಂದರೆ ಸಿನಿಮಾ ಮುಗಿದುಹೋಯಿತು ಅನ್ನುತ್ತಾಳೆ. ನೀವೇ ನೋಡಿ." ಆ "ನೀವೇ ನೋಡಿ"ಯಲ್ಲಿದ್ದ ಧಾಟಿಯೇ ಆ ಹೊತ್ತಿಗೆ ಅವಳ ಮನೆಯವರೆಲ್ಲರ ಧಾಟಿಯೂ ಆಗಿತ್ತು.

ಹುಡುಗಿಯ ಮತ್ತು ತಾಯಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆದಿದೆ. ಊರು, ನೆಂಟಸ್ತಿಕೆ, ಮನೆಯ ಕೆಲವು ವಿವರಗಳನ್ನು ಬದಲಿಸಿದೆ. ಚಿತ್ರಸರಣಿಯ ಹೆಸರನ್ನೂ ವರ್ಷಗಳನ್ನೂ ಬದಲಿಸಿಲ್ಲ, ಅವನ್ನು ತೆಗೆದರೆ ಪ್ರಕರಣವೇ ಅರ್ಥವಾಗುವುದಿಲ್ಲ.

ಹಿನ್ನೆಲೆ

ಸರಣಿ ಹ್ಯಾರಿ ಪಾಟರ್, ಮಾಂತ್ರಿಕರ ಶಾಲೆಗೆ ಸೇರಿದ ಹುಡುಗನೊಬ್ಬನ ಕಥೆ ಹೇಳುವ, ಪುಸ್ತಕಗಳನ್ನು ಆಧರಿಸಿದ ಇಂಗ್ಲಿಷ್ ಚಿತ್ರಗಳು. ಮೊದಲ ಚಿತ್ರ 2001ರದು, ಎಂಟನೆಯದು ಮತ್ತು ಕೊನೆಯದು ಬಿಡುಗಡೆಯಾದದ್ದು 2011ರ ಜುಲೈ 15ರ ಶುಕ್ರವಾರ. ನಡುವಿನವು 2002, 2004, 2005, 2007, 2009, 2010ರಲ್ಲಿ ಬಂದವು. ಎಂಟೂ ಸೇರಿದರೆ ಇಪ್ಪತ್ತು ಗಂಟೆಗೆ ಚೂರು ಕಡಿಮೆ. ಎರಡು ಚಿತ್ರಗಳ ನಡುವೆ ಹೆಚ್ಚೆಂದರೆ ಎರಡು ವರ್ಷದ ಅಂತರ. ಅಂದರೆ ಈ ಹುಡುಗಿಗೆ ಬುದ್ಧಿ ತಿಳಿದಾಗಿನಿಂದ "ಮುಂದಿನದು ಯಾವಾಗ" ಎಂಬ ಪ್ರಶ್ನೆಗೆ ಉತ್ತರ ಇಲ್ಲದ ವರ್ಷವೇ ಇರಲಿಲ್ಲ. ಪರದೆಯ ಮೇಲಿನ ಮಕ್ಕಳೂ ಅವಳ ಜೊತೆಜೊತೆಗೇ ಎತ್ತರವಾಗುತ್ತಿದ್ದರು.

ಮೊದಲೆರಡು ಚಿತ್ರಗಳನ್ನು ಅವಳು ನೋಡಿದ್ದು ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ದೊಡ್ಡಮ್ಮನ ಮನೆಯಲ್ಲಿ, ಬಾಡಿಗೆಗೆ ತಂದ ವಿಸಿಡಿಯಲ್ಲಿ. ಡಿಸ್ಕ್ ಬದಲಿಸಬೇಕಾದ ಜಾಗದಲ್ಲಿ ಯಾವ ಮಾತು ಅರ್ಧಕ್ಕೆ ತುಂಡಾಗುತ್ತಿತ್ತು ಎನ್ನುವುದು ಹದಿನೇಳನೇ ವಯಸ್ಸಿನಲ್ಲೂ ಅವಳಿಗೆ ನೆನಪಿತ್ತು. 2004ರ ಮೂರನೇ ಚಿತ್ರದಿಂದ ಮುಂದಿನ ಆರನ್ನೂ ಥಿಯೇಟರಿನಲ್ಲೇ ನೋಡಿದಳು. ಪ್ರತಿ ಸಲವೂ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ತನಗಿಂತ ನಾಲ್ಕು ವರ್ಷ ದೊಡ್ಡವಳಾದ ದೊಡ್ಡಮ್ಮನ ಮಗಳ ಜೊತೆ. ಆರು ಟಿಕೆಟ್‌ಗಳೂ ಜಾಮಿಟ್ರಿ ಬಾಕ್ಸಿನ ತಗಡಿನ ಡಬ್ಬಿಯಲ್ಲಿ ಜೋಪಾನವಾಗಿದ್ದವು.

ಮನೆಯಲ್ಲಿ ಬೇರೆ ಯಾರೂ ಈ ಚಿತ್ರಗಳನ್ನು ನೋಡಿರಲಿಲ್ಲ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿ ಥಿಯೇಟರಿಗೆ ತರುವುದಕ್ಕೆ ಚಿತ್ರರಂಗದಲ್ಲಿ ದಶಕಗಳ ಅಘೋಷಿತ ನಿಷೇಧ ಇದ್ದ ಕಾಲ ಅದು. ತಾಯಿಗೆ ಇಂಗ್ಲಿಷ್ ಬಾರದು. ತಂದೆಗೆ ಸಿನಿಮಾ ಎಂದರೆ ಭಾನುವಾರ ಟಿವಿಯಲ್ಲಿ ಬರುವ ಹಳೆಯ ಕಪ್ಪು ಬಿಳುಪು ಚಿತ್ರ, ಅಷ್ಟೇ. ಮಗಳು ಹತ್ತು ವರ್ಷ ಓಡಾಡಿಕೊಂಡಿದ್ದ ಊರಿಗೆ ಇವರು ಕಾಲೇ ಇಟ್ಟಿರಲಿಲ್ಲ. ಇದನ್ನು ಇಲ್ಲೇ ಒತ್ತಿ ಹೇಳುವುದಕ್ಕೆ ಕಾರಣವಿದೆ, ಪ್ರಕರಣ ತಿರುಗಿದ್ದು ಈ ಜಾಗದಲ್ಲೇ.

ಏನಾಯಿತು

ಜುಲೈ 17ರ ಭಾನುವಾರ ಅವಳು ಮತ್ತು ಅಕ್ಕ ಕೊನೆಯ ಚಿತ್ರ ನೋಡಿದರು. 130 ನಿಮಿಷ, ಎಂಟರಲ್ಲಿ ಅತಿ ಚಿಕ್ಕದು. ಕಥೆ ಹೇಗೆ ಮುಗಿಯುತ್ತದೆ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೊನೆಯ ಪುಸ್ತಕ ಬಂದದ್ದು 2007ರ ಜುಲೈ 21ಕ್ಕೆ, ಅದನ್ನು ಅವಳು ನಾಲ್ಕು ಸಲ ಓದಿದ್ದಳು. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಎಲ್ಲ ಬಾಯಿಪಾಠ. ಯುದ್ಧದ ದೃಶ್ಯಗಳಲ್ಲಿ ಅಳಲಿಲ್ಲ. ಅತ್ತದ್ದು ಎಲ್ಲ ಮುಗಿದ ಮೇಲೆ, ಹತ್ತೊಂಬತ್ತು ವರ್ಷದ ನಂತರದ ರೈಲ್ವೆ ಪ್ಲಾಟ್‌ಫಾರಂ ದೃಶ್ಯದಲ್ಲಿ. ಅಲ್ಲಿ ಕೇಳಿಬರುವುದು ಮೊದಲ ಚಿತ್ರದ ಕೊನೆಯಲ್ಲಿ ಜಾನ್ ವಿಲಿಯಮ್ಸ್ ಕೊಟ್ಟಿದ್ದ ಸಂಗೀತ. ವಿಸಿಡಿ ಕಾಲದಲ್ಲಿ, ರಜೆ ಮುಗಿಸಿ ಊರಿಗೆ ಬಸ್ಸು ಹತ್ತುವ ಹಿಂದಿನ ರಾತ್ರಿ ಕೇಳಿದ್ದ ಸಂಗೀತ. ನೆನಪನ್ನು ಎಬ್ಬಿಸುವುದರಲ್ಲಿ ಮಾತಿಗಿಂತ ರಾಗ ಮುಂದು, ಅದರಲ್ಲೂ ಬಾಲ್ಯದಲ್ಲಿ ಒಂದೇ ಸಂದರ್ಭಕ್ಕೆ ಅಂಟಿಕೊಂಡ ರಾಗ. ಹೆಸರುಗಳ ಪಟ್ಟಿ ಪೂರ್ತಿ ಓಡಿ, ದೀಪ ಹಾಕಿ, ಕಸ ಗುಡಿಸುವವರು ಅವಳ ಸಾಲಿನವರೆಗೆ ಬಂದರೂ ಅವಳು ಎದ್ದಿರಲಿಲ್ಲ.

ಅಂದಿನ ಅಳು ಸಹಜ. ಸಹಜವಲ್ಲದ್ದು ಮುಂದಿನ ಐದು ವಾರ. ರಾತ್ರಿ ಹನ್ನೊಂದಕ್ಕೆ ಮನೆಯವರು ಮಲಗಿದ ಮೇಲೆ ಕಂಪ್ಯೂಟರ್ ಹಾಕಿ ಎರಡರವರೆಗೆ ಹಳೆಯ ಏಳು ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಳು. ಮೂರು ಸುತ್ತು, ಸುಮಾರು 52 ಗಂಟೆ. ಎಂಟನೆಯದರ ಕ್ಯಾಮೆರಾ ಪ್ರಿಂಟನ್ನು ಸಹಪಾಠಿಯೊಬ್ಬ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರೆ ವಾಪಸ್ ಮಾಡಿದಳು, ಕಳ್ಳ ಪ್ರತಿಯಲ್ಲಿ ಅದನ್ನು ನೋಡುವುದು ಅವಳಿಗೆ ಅಪಚಾರ. ಬೆಳಿಗ್ಗೆ ತಿಂಡಿ ಬೇಡ, ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್. ಜೂನ್ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 50ಕ್ಕೆ 41 ತೆಗೆದವಳು ಆಗಸ್ಟ್‌ನಲ್ಲಿ 19ಕ್ಕೆ ಇಳಿದಳು.

ಮನೆಯವರು ಕೈಕಟ್ಟಿ ಕೂತಿರಲಿಲ್ಲ. ತಾಯಿ ಮೊದಲು "ಸಿನಿಮಾ ತಾನೇ, ಅದಕ್ಯಾಕೆ ಹಿಂಗೆ ಅಳ್ತೀಯಾ" ಅಂದರು. ಆಮೇಲೆ ಒಣಮೆಣಸಿನಕಾಯಿ, ಉಪ್ಪು, ಪೊರಕೆಕಡ್ಡಿ ಹಿಡಿದು ದೃಷ್ಟಿ ತೆಗೆದರು. ತಂದೆ ಕಂಪ್ಯೂಟರಿನ ಪವರ್ ಕೇಬಲ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೂರೂ ಹೋದದ್ದು ಒಂದೇ ದಾರಿಗೆ: ಹುಡುಗಿ ಮಾತು ನಿಲ್ಲಿಸಿದಳು. ಕೇಬಲ್ ಹೋದ ಮೂರನೇ ದಿನಕ್ಕೆ ಸ್ನೇಹಿತೆಯಿಂದ ಎರಡು ಜಿಬಿಯ ಮೆಮೊರಿ ಕಾರ್ಡ್ ತಂದು, ಕೀಪ್ಯಾಡ್ ಫೋನಿನಲ್ಲಿ ಹೊದಿಕೆಯೊಳಗೆ ಚಿತ್ರದ ತುಣುಕುಗಳನ್ನು ನೋಡತೊಡಗಿದಳು. ಇದು ಇನ್ನೂ ಕೆಟ್ಟದ್ದಾಯಿತು. ಇಡೀ ಚಿತ್ರಕ್ಕೆ ಒಂದು ಆದಿ, ಒಂದು ಅಂತ್ಯ ಇರುತ್ತದೆ, ಮುಗಿದ ಮೇಲೆ ನಿದ್ದೆಯಾದರೂ ಬರುತ್ತದೆ. ಮೂರು ನಿಮಿಷದ ತುಣುಕುಗಳಿಗೆ ಅಂತ್ಯವಿಲ್ಲ. ಎಲ್ಲವೂ ಸಾವಿನ, ಬೀಳ್ಕೊಡುಗೆಯ ದೃಶ್ಯಗಳೇ ಬೇರೆ.

ಮೊದಲ ಭೇಟಿ

ಆಗಸ್ಟ್ 24ರ ಬುಧವಾರ, ನಲವತ್ತು ನಿಮಿಷ. ಇಂಥ ಭೇಟಿಯಲ್ಲಿ ಸಿನಿಮಾದ ಮಾತಿಗೆ ಮುಂಚೆ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ: ಇದು ದುಃಖವೋ, ಖಿನ್ನತೆಯೋ ಎಂದು ಬೇರ್ಪಡಿಸುವುದು. ಸಲಹೆಗಾರರು ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಹದಿಹರೆಯದವರ ರೂಪವನ್ನು ಬಳಸಿದರು. ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಮತ್ತು ಮೇಲಕ್ಕೆ ಹೋದರೆ ವೈದ್ಯರ ಕಡೆ ನೋಡಬೇಕು. ಅವಳದು ಒಂಬತ್ತು. ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ ಸೊನ್ನೆ. ಆ ಪ್ರಶ್ನೆಯನ್ನು ಹಾಳೆಯಲ್ಲಿ ಟಿಕ್ ಹಾಕಿಸಿ ಬಿಡಬಾರದು, ಬಾಯಿಬಿಟ್ಟು ಕೇಳಬೇಕು. ಕೇಳಿದರು, ಇಲ್ಲ ಅಂದಳು. ಸಂಗೀತ, ಗೆಳತಿಯರ ಹರಟೆ ಎರಡರಲ್ಲೂ ಇನ್ನೂ ಖುಷಿ ಉಳಿದಿತ್ತು. ತನ್ನನ್ನು ತಾನು ಹಳಿದುಕೊಳ್ಳುವ ಮಾತು ಇರಲಿಲ್ಲ. ಇವೆರಡೂ ದುಃಖದ ಕಡೆಗೆ ವಾಲುವ ಲಕ್ಷಣ.

(ಇವತ್ತಾದರೆ ಹತ್ತಿರ ಯಾರೂ ಇಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. 2011ರಲ್ಲಿ ಅದು ಇರಲಿಲ್ಲ.)

ಎರಡು ವಾರ ಬಿಟ್ಟು ಮತ್ತೆ ಅಳೆದಾಗ ಅಂಕ 11 ಆಗಿತ್ತು. ಕೇಬಲ್ ಬೀಗ ಮತ್ತು ಹೊದಿಕೆಯೊಳಗಿನ ಫೋನ್ ಎರಡೂ ಆ ಎರಡು ವಾರದ್ದೇ. ಮೊದಲೇ ಗೆರೆ ಎಳೆದುಕೊಂಡಿದ್ದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಲು ತಡವಾಗಲಿಲ್ಲ. ಅವರು ಮಾತ್ರೆ ಬರೆಯುವ ಮುಂಚೆ ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ 10.4. ಈ ವಯಸ್ಸಿಗೆ ಕನಿಷ್ಠ 12 ಇರಬೇಕು. ಕಬ್ಬಿಣಾಂಶದ ಮಾತ್ರೆ ಕೊಟ್ಟು, ಮನಸ್ಸಿನ ಔಷಧಿ ಈಗ ಬೇಡ, ಸಲಹೆ ಮುಂದುವರಿಯಲಿ ಎಂದರು. ಸುಸ್ತಿನ ಒಂದು ಪಾಲು ರಕ್ತದಲ್ಲಿತ್ತು. ಮನಸ್ಸಿನ ಕಾರಣ ಎದ್ದು ಕಾಣುವ ಪ್ರಕರಣಗಳಲ್ಲಿ ದೇಹದ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ದಿನನಿತ್ಯದ ತಪ್ಪು.

ತಪ್ಪಿದ ಊಹೆ

ಎರಡನೇ ಭೇಟಿಯಲ್ಲಿ ಒಂದು ಸಂಗತಿ ಹೊರಬಿತ್ತು. ಜೊತೆಗೆ ಸಿನಿಮಾ ನೋಡುತ್ತಿದ್ದ ಅಕ್ಕ ಆಗಸ್ಟ್ ಎರಡನೇ ವಾರ ಎಂಎಸ್ ಓದಲು ಅಮೆರಿಕಕ್ಕೆ ಹೋಗಿದ್ದಳು. ಸಲಹೆಗಾರರ ಕಿವಿ ನೆಟ್ಟಗಾಯಿತು. ದಕ್ಕಿತು, ಇದು ಸಿನಿಮಾದ ದುಃಖವಲ್ಲ, ಅಕ್ಕನ ಅಗಲಿಕೆ ಸಿನಿಮಾದ ವೇಷ ಹಾಕಿಕೊಂಡಿದೆ! ಓದಿದವರಿಗೆ ಇದಕ್ಕಿಂತ ರುಚಿಯಾದ ವಿವರಣೆ ಇನ್ನೊಂದಿಲ್ಲ. ಉಳಿದ ಇಪ್ಪತ್ತೈದು ನಿಮಿಷ ಪ್ರಶ್ನೆಗಳೆಲ್ಲ ಅಕ್ಕನ ಸುತ್ತ ತಿರುಗಿದವು.

ಹುಡುಗಿ ಕೊನೆಗೆ ಹೇಳಿದ ಮಾತನ್ನು ಟಿಪ್ಪಣಿಯಲ್ಲಿ ಹಾಗೇ ಬರೆದಿಟ್ಟಿದ್ದಾರೆ: "ಅಕ್ಕ ಹೋಗಿದ್ದಕ್ಕೆ ಬೇಜಾರಿದೆ ಮೇಡಂ. ಅದು ಬೇರೆ. ಅಕ್ಕ ಸ್ಕೈಪಲ್ಲಿ ಸಿಗ್ತಾಳೆ. ಇದನ್ನೂ ನೀವು ಸಿನಿಮಾ ಅಲ್ಲ ಅಂತಾನೇ ಹೇಳ್ತಿದೀರಲ್ಲ, ಅಮ್ಮನ ಥರಾನೇ."

ಮುಂದಿನ ಬುಧವಾರ ಅವಳು ಬರಲಿಲ್ಲ.

ಅವಳು ಹೇಳಿದ್ದು ಸರಿಯಾಗಿತ್ತು. "ಸಿನಿಮಾ ತಾನೇ" ಎನ್ನುವುದು ದುಃಖವನ್ನು ಚಿಕ್ಕದು ಮಾಡುವ ಒರಟು ದಾರಿ. "ನಿಜವಾದ ಕಾರಣ ಬೇರೆ ಇದೆ" ಎನ್ನುವುದು ಅದೇ ಕೆಲಸದ ನಾಜೂಕು ದಾರಿ. ಪರದೆಯ ಮೇಲಿನವರ ಜೊತೆ ನೋಡುಗರು ಬೆಳೆಸಿಕೊಳ್ಳುವ ಏಕಮುಖ ಬಾಂಧವ್ಯವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ವಿವರಿಸಿದ್ದಾರೆ. ಟಿವಿ ಧಾರಾವಾಹಿಯೊಂದು ಮುಗಿದಾಗ ಅದರ ನೋಡುಗರಿಗೆ ಏನಾಗುತ್ತದೆ ಎಂದು ಕೆರೆನ್ ಎಯಾಲ್ ಮತ್ತು ಜೊನಾಥನ್ ಕೊಹೆನ್ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡ ಪ್ರಕಾರ, ನೋವು ನಿಜವಾದ ಸಂಬಂಧ ಮುರಿದಷ್ಟು ಕಟುವಲ್ಲ, ಆದರೆ ಅದೇ ಜಾತಿಯದು, ಬಾಂಧವ್ಯ ಗಟ್ಟಿಯಿದ್ದಷ್ಟೂ ಹೆಚ್ಚು. ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖಕ್ಕೆ ಕೆನೆತ್ ಡೋಕಾ "ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್" ಎಂಬ ಹೆಸರನ್ನೇ ಕೊಟ್ಟಿದ್ದಾರೆ. ನೆಂಟರು ಬಂದು ಕೂರದ, ತಿಥಿಯಿಲ್ಲದ, ರಜೆ ಸಿಗದ ದುಃಖ. ಇದನ್ನೆಲ್ಲ ಸಲಹೆಗಾರರು ಓದಿಕೊಂಡೇ ಇದ್ದರು. ಓದಿದ್ದು ಎದುರಿಗೆ ಬಂದು ಕೂತಾಗ ಗುರುತು ಸಿಕ್ಕಿರಲಿಲ್ಲ.

ಈ ನಡುವೆ ಗ್ರಂಥಪಾಲಕರು ಪ್ರೀತಿಯಿಂದಲೇ ಇನ್ನೊಂದು ಮಾಂತ್ರಿಕ ಕಥಾಸರಣಿಯ ಮೊದಲ ಸಂಪುಟ ಕೊಟ್ಟರು. ನಲವತ್ತು ಪುಟಕ್ಕೆ ಮಡಚಿಟ್ಟಳು. ಪ್ರತಿ ಪುಟದಲ್ಲೂ ಹೋಲಿಕೆ, ಪ್ರತಿ ಹೋಲಿಕೆಯಲ್ಲೂ ಹೊಸದು ಸೋಲುತ್ತಿತ್ತು. ಸಾಕಿದ ನಾಯಿ ಸತ್ತ ವಾರವೇ ಮರಿ ತಂದು ಕೈಗಿಟ್ಟ ಹಾಗೆ.

ಗುರುವಾರದ ಮಾತು

ಮೂರನೇ ಭೇಟಿ ಸೆಪ್ಟೆಂಬರ್ 21ಕ್ಕೆ, ತಾಯಿಯ ಜೊತೆ. ತಾಯಿಯನ್ನು ಕರೆಸಿದ್ದು ಹಾಗೆ ನೋಡಿದರೆ ಮನೆಯ ನಿಯಮ ಸಡಿಲಿಸಲು, ಕೇಬಲ್ ವಾಪಸ್ ಕೊಡಿಸಲು. ಮಾತಿಗೆ ಮಾತು ಬಂದು ಸಲಹೆಗಾರರು ಕೇಳಿದರು: "ನೀವು ಹೀಗೆ ಯಾವುದಕ್ಕಾದ್ರೂ ಹಚ್ಚಿಕೊಂಡಿದ್ರಾ, ಚಿಕ್ಕವರಿದ್ದಾಗ?"

ತಾಯಿ ಮೊದಲು ಇಲ್ಲ ಅಂದರು. ಆಮೇಲೆ ವಾರಪತ್ರಿಕೆಯ ಧಾರಾವಾಹಿ ನೆನಪಾಯಿತು. ಮದುವೆಗೆ ಮುಂಚೆ, ತೌರಿನಲ್ಲಿ. ಪತ್ರಿಕೆ ಊರಿಗೆ ಬರುತ್ತಿದ್ದದ್ದು ಗುರುವಾರ ಮಧ್ಯಾಹ್ನದ ಬಸ್ಸಿಗೆ. ಅಕ್ಕತಂಗಿಯರು ಮೂವರು, ಮೊದಲು ಓದುವವರು ಯಾರು ಎಂದು ಜಗಳ. ವಾರವಾರವೂ ಆ ಪುಟಗಳನ್ನು ಕತ್ತರಿಸಿ ಜೋಡಿಸಿ, ಕಾದಂಬರಿ ಮುಗಿದ ಮೇಲೆ ಪ್ರೆಸ್ಸಿಗೆ ಕೊಟ್ಟು ರಟ್ಟು ಹಾಕಿ ಬೈಂಡ್ ಮಾಡಿಸಿದ್ದರು.

"ಬೈಂಡ್ ಮಾಡಿಸಿದ್ಮೇಲೆ ಒಂದ್ಸಲಾನೂ ಓದ್ಲಿಲ್ಲ ನೋಡಿ," ಅಂದರು. "ಕಥೆ ಎಲ್ಲಾ ಅದ್ರಲ್ಲೇ ಇತ್ತು. ಗುರುವಾರ ಇರ್ಲಿಲ್ಲ."

ಹುಡುಗಿ ತಲೆ ಎತ್ತಿ ತಾಯಿಯನ್ನು ನೋಡಿದಳು. ಒಂಬತ್ತು ವಾರ ಯಾರ ಬಾಯಲ್ಲೂ ಬಾರದ್ದು ಅದು, ಅವಳ ಬಾಯಲ್ಲೂ ಬಂದಿರಲಿಲ್ಲ. ಪಾತ್ರಗಳು ಎಲ್ಲಿಗೂ ಹೋಗಿರಲಿಲ್ಲ, ಡಿಸ್ಕಿನಲ್ಲಿ ಬೇಕೆಂದಾಗ ಸಿಗುತ್ತಿದ್ದವು. ಹೋದದ್ದು ಕಾಯುವಿಕೆ. ಪುಸ್ತಕ 2007ಕ್ಕೆ ಮುಗಿದಾಗ ಚಿತ್ರಗಳಿದ್ದವು. 2011ಕ್ಕೆ ಚಿತ್ರವೂ ಮುಗಿದಾಗ ಮುಂದೆ ಏನೂ ಇರಲಿಲ್ಲ. ಕಥೆ ಗೊತ್ತಿದ್ದವಳು ಕೊನೆಯ ದೃಶ್ಯದಲ್ಲಿ ಮಾತ್ರ ಅತ್ತದ್ದು ಯಾಕೆ, 52 ಗಂಟೆ ಮತ್ತೆ ನೋಡಿದರೂ ಸಮಾಧಾನ ಯಾಕೆ ಸಿಗಲಿಲ್ಲ, ಎರಡಕ್ಕೂ ಇದರಲ್ಲಿ ಉತ್ತರವಿತ್ತು. ಮರುನೋಟ ಪಾತ್ರಗಳನ್ನು ತಂದುಕೊಡುತ್ತದೆ, ಕಾಯುವುದನ್ನು ತಂದುಕೊಡುವುದಿಲ್ಲ. ಹಸಿದವರಿಗೆ ನೀರು ಕುಡಿಸಿದ ಹಾಗೆ, ಹೊಟ್ಟೆ ತುಂಬುತ್ತದೆ, ಹಸಿವು ಹೋಗುವುದಿಲ್ಲ.

ಮಾಡಿದ ಏರ್ಪಾಡು

ಅಂದೇ ಮೂವರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಕೇಬಲ್ ವಾಪಸ್. ರಾತ್ರಿಯ ನೋಟ ಬಂದ್, ಮೆಮೊರಿ ಕಾರ್ಡ್ ಸ್ನೇಹಿತೆಗೆ ವಾಪಸ್. ವಾರಕ್ಕೆ ಒಂದೇ ಚಿತ್ರ, ಶನಿವಾರ ಸಂಜೆ ನಾಲ್ಕಕ್ಕೆ, ಹಾಲ್‌ನಲ್ಲಿ, ಮೊದಲನೆಯದರಿಂದ ಕ್ರಮವಾಗಿ, ಮೊದಲಿಂದ ಕೊನೆವರೆಗೆ. ಜೊತೆಗೆ ತಾಯಿ ಕೂರಬೇಕು. ಇಂಗ್ಲಿಷ್ ಬಾರದ ತಾಯಿಗೆ ಮಗಳು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು.

ಸಂಜೆ ನಾಲ್ಕೇ ಯಾಕೆಂದರೆ, ಚಿತ್ರ ಮುಗಿಯುವ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚುವ, ಅಡುಗೆಯ, ಜನ ಓಡಾಡುವ ಗದ್ದಲ ಇರುತ್ತದೆ, ರಾತ್ರಿ ಎರಡಕ್ಕೆ ಮುಗಿದರೆ ಕತ್ತಲು ಬಿಟ್ಟು ಬೇರೇನೂ ಇರುವುದಿಲ್ಲ. ವಾರಕ್ಕೆ ಒಂದೇ ಎಂದದ್ದು ನಡುವೆ ಆರು ದಿನ ಕಾಯಲಿ ಎಂದು. ಪೂರ್ತಿ ನಿಷೇಧಿಸದೆ ಅಳತೆ ಹಾಕಿದ್ದಕ್ಕೆ ಕಾರಣ ಬೀರುವಿನ ಬೀಗ ಆಗಲೇ ಕಲಿಸಿತ್ತು.

ಸೆಪ್ಟೆಂಬರ್ 24ಕ್ಕೆ ಶುರುವಾಯಿತು. ಮೊದಲ ಶನಿವಾರ ಕೆಟ್ಟಿತು. 152 ನಿಮಿಷದ ಚಿತ್ರ ಅನುವಾದ ಸೇರಿ ನಾಲ್ಕು ಗಂಟೆ ದಾಟಿತು, ತಾಯಿ ಎರಡು ಸಲ ಒಲೆ ನೋಡಲು ಎದ್ದರು, ಹುಡುಗಿ ರೇಗಿದಳು. ಎರಡನೇ ವಾರದಿಂದ ಪದ್ಧತಿ ಬದಲಾಯಿತು: ಮಾತುಮಾತಿಗೂ ನಿಲ್ಲಿಸದೆ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಕಥೆ ಹೇಳುವುದು, ಸಾರು ಮೊದಲೇ ಮಾಡಿಟ್ಟಿರುವುದು. ಎರಡನೇ ಚಿತ್ರ ಎಂಟರಲ್ಲೇ ಉದ್ದ, 161 ನಿಮಿಷ. ಆದರೂ ಏಳು ಗಂಟೆಯೊಳಗೆ ಮುಗಿಯಿತು.

ಮೂರನೇ ಶನಿವಾರ ತಾಯಿ ಪರದೆ ನೋಡುತ್ತಾ ಕೇಳಿದರು, "ಆ ಗಡ್ಡದ ಹೆಡ್‌ಮೇಷ್ಟ್ರು ಬದಲಾದ್ರಲ್ಲೇ?" ಹೌದು, ಬದಲಾಗಿದ್ದರು. ಮೊದಲೆರಡು ಚಿತ್ರಗಳಲ್ಲಿ ಆ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾರಿಸ್ 2002ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಮೂರನೆಯದರಿಂದ ಮೈಕೆಲ್ ಗ್ಯಾಂಬನ್ ಬಂದರು. ಹತ್ತು ವರ್ಷದವಳಿದ್ದಾಗ ಥಿಯೇಟರಿನಲ್ಲಿ ಇದನ್ನು ನೋಡಿ ಅಕ್ಕನ ಕಿವಿಯಲ್ಲಿ "ಇವರು ಅವರಲ್ಲ" ಅಂದಿದ್ದು ಹುಡುಗಿಗೆ ನೆನಪಾಯಿತು. ತಾಯಿಗೆ ಸೀರಿಯಲ್‌ಗಳಲ್ಲಿ ಪಾತ್ರಧಾರಿ ಬದಲಾದಾಗ ಹಾಕುವ "ಇನ್ನು ಮುಂದೆ ಈ ಪಾತ್ರದಲ್ಲಿ" ಎಂಬ ಪಟ್ಟಿ ನೆನಪಾಯಿತು. ಆ ಸಂಜೆ ಇಬ್ಬರೂ ಊಟಕ್ಕೆ ಕೂತೂ ಅದನ್ನೇ ಮಾತಾಡಿದರು. ನಾಲ್ಕನೇ ಭೇಟಿಯಲ್ಲಿ ಹುಡುಗಿ ಇದನ್ನು ವರದಿ ಮಾಡಿದಾಗ ಮೊದಲ ಸಲ ಅವಳ ದನಿಯಲ್ಲಿ ನಗು ಇತ್ತು ಎಂದು ಟಿಪ್ಪಣಿ ಹೇಳುತ್ತದೆ. ಅನುವಾದ ಎಂದು ಶುರುವಾದದ್ದು ಇನ್ನೊಂದು ಕೆಲಸ ಮಾಡಿತ್ತು. ನೋಡುವವಳು ಹೇಳುವವಳಾಗಿದ್ದಳು, ಅವಳ ಲೋಕವನ್ನು ಬಲ್ಲವರು ಮನೆಯಲ್ಲಿ ಒಬ್ಬರಾದರು.

ಇದರ ಜೊತೆಗೆ ಗೋಡೆಯ ದಿನದರ್ಶಿಕೆ. ಕಾಯಲು ಮೂರು ದೂರದ ಮೂರು ಸಂಗತಿಗಳನ್ನು ಗುರುತು ಹಾಕಬೇಕು: ಈ ವಾರದ್ದೊಂದು, ಈ ತಿಂಗಳದ್ದೊಂದು, ಮುಂದಿನ ವರ್ಷದ್ದೊಂದು. ಮೊದಲ ಪಟ್ಟಿಯನ್ನು ಸಲಹೆಗಾರರೇ ಮಾಡಿಕೊಟ್ಟರು, ಅದೇ ತಪ್ಪಾಯಿತು. ವರ್ಷದ ಸಾಲಿಗೆ ಅವರು ಬರೆದದ್ದು ಸಿಇಟಿ. "ಸಿಇಟಿಗೆ ಯಾರೂ ಕಾಯಲ್ಲ ಮೇಡಂ, ಹೆದರ್ತಾರೆ" ಅಂದಳು. ಪಟ್ಟಿಯನ್ನು ಅವಳೇ ಮತ್ತೆ ಬರೆದಳು. ವಾರಕ್ಕೆ ಶನಿವಾರ. ತಿಂಗಳಿಗೆ ಅಕ್ಕನ ಜೊತೆ ಒಂದು ಗಂಟೆಯ ಸ್ಕೈಪ್, ತಾರೀಖು ಮೊದಲೇ ನಿಗದಿ. ವರ್ಷಕ್ಕೆ, ಪರೀಕ್ಷೆ ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿ ಕಾರವಾರದ ಚಿಕ್ಕಪ್ಪನ ಮನೆಗೆ ಹೋಗಿ ಸಮುದ್ರ ನೋಡುವುದು. ಮೂರಕ್ಕೂ ತಾರೀಖು ಇರಬೇಕು ಎಂಬುದೊಂದೇ ನಿಯಮ. "ಯಾವತ್ತಾದರೂ" ಎಂದು ಬರೆದದ್ದಕ್ಕೆ ಯಾರೂ ಕಾಯುವುದಿಲ್ಲ.

ಕಪ್ಪಾದ ಟಿಕೆಟ್

ಬೈಂಡಿಂಗಿನ ಮಾತು ಹುಡುಗಿಯ ತಲೆಯಲ್ಲಿ ಉಳಿದಿತ್ತು. ಒಂದು ಚಿತ್ರಕ್ಕೆ ಎರಡು ಪುಟದಂತೆ ಹದಿನಾರು ಪುಟ: ಎಲ್ಲಿ, ಯಾರ ಜೊತೆ, ಆಗ ಎಷ್ಟನೇ ಕ್ಲಾಸು, ಯಾವ ಬಸ್ಸು, ಟಿಕೆಟ್. ಕೊನೆಗೆ ರಟ್ಟು ಹಾಕಿಸುವುದು. ಸಲಹೆಗಾರರು ಒಪ್ಪಿದರು. ಬೀಳ್ಕೊಡುಗೆಗೆ ಕೈಯಲ್ಲಿ ಮುಟ್ಟುವಂಥದ್ದೊಂದು ಇದ್ದರೆ ಒಳ್ಳೆಯದು, ಜೊತೆಗೆ ಪುಟಗಳ ಲೆಕ್ಕ ಮೊದಲೇ ಗೊತ್ತಿರುವುದರಿಂದ ಕೆಲಸ ಒಂದು ದಿನ ಮುಗಿದೇ ಮುಗಿಯುತ್ತದೆ.

ಹಳೆಯ ಟಿಕೆಟ್‌ಗಳು ದೊರಗು ಬಣ್ಣದ ಕಾಗದದವು, ಅವಕ್ಕೆ ಏನೂ ಆಗಿರಲಿಲ್ಲ. 2009ರ ಮಲ್ಟಿಪ್ಲೆಕ್ಸಿನ ಟಿಕೆಟ್ ನುಣುಪು ಥರ್ಮಲ್ ಕಾಗದದ್ದು, ಆಗಲೇ ಅಕ್ಷರ ಮಾಸುತ್ತಿತ್ತು. ಇನ್ನಷ್ಟು ಮಾಸದಿರಲಿ ಎಂದು ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್‌ಗೆ ಕೊಟ್ಟಳು. ಯಂತ್ರದ ಒಂದು ಬದಿಯಿಂದ ಬಿಳಿಯಾಗಿ ಒಳಗೆ ಹೋದದ್ದು ಇನ್ನೊಂದು ಬದಿಯಿಂದ ಇದ್ದಿಲಿನಂತೆ ಕಪ್ಪಾಗಿ ಹೊರಬಂತು. ಥರ್ಮಲ್ ಕಾಗದದಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದಲ್ಲೆಲ್ಲ ಕಪ್ಪಾಗುವ ಲೇಪನ ಇರುತ್ತದೆ. ಲ್ಯಾಮಿನೇಷನ್ ಯಂತ್ರದ ರೋಲರ್ ಪೂರ್ತಿ ಬಿಸಿ. ಇಂಥ ಟಿಕೆಟನ್ನು ಮೊದಲು ಜೆರಾಕ್ಸ್ ಮಾಡಿಸಿಟ್ಟುಕೊಂಡು, ಮೂಲವನ್ನು ಬಿಸಿಲು ಬೀಳದ ಕಡೆ ಕಾಗದದ ಕವರಿನಲ್ಲಿ ಇಡಬೇಕು, ಅಷ್ಟೇ.

ಆ ವಾರ ಎಲ್ಲವೂ ಜುಲೈಗೆ ವಾಪಸ್ ಹೋದಂತಾಯಿತು. ಎರಡು ದಿನ ಊಟವಿಲ್ಲ, ಶನಿವಾರದ ಚಿತ್ರ ಬೇಡ ಅಂದಳು. ಸಲಹೆಗಾರರಿಗೆ ತಾಯಿ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: ಒತ್ತಾಯ ಮಾಡಬೇಡಿ, ಆದರೆ ನಾಲ್ಕು ಗಂಟೆಗೆ ನೀವು ಹಾಲ್‌ನಲ್ಲಿ ಕೂತಿರಿ. ತಾಯಿ ಕೂತಿದ್ದರು. ನಾಲ್ಕೂವರೆಗೆ ಹುಡುಗಿ ಬಂದಳು. ಕಪ್ಪು ಟಿಕೆಟನ್ನು ಪುಸ್ತಕಕ್ಕೆ ಹಾಗೇ ಅಂಟಿಸಿ, ಕೆಳಗೆ ಸಿನಿಮಾದ ಹೆಸರು, ತಾರೀಖು, ಸೀಟ್ ನಂಬರನ್ನು ನೆನಪಿನಿಂದ ಬರೆದಳು.

ಏಳನೇ ಚಿತ್ರ ನವೆಂಬರ್ 5ಕ್ಕೆ ಮುಗಿಯಿತು. ಎಂಟನೆಯದರ ಡಿವಿಡಿ ಅದೇ ತಿಂಗಳು 11ಕ್ಕೆ ಅಮೆರಿಕದಲ್ಲಿ ಬಂತು, ಅಕ್ಕ ಕೊಂಡು ಅಂಚೆಯಲ್ಲಿ ಕಳಿಸಿದಳು. ಮನೆಯ ಪ್ಲೇಯರ್‌ನಲ್ಲಿ ಓಡಲಿಲ್ಲ. ಅಲ್ಲಿನ ಡಿಸ್ಕ್‌ಗಳು ವಲಯ 1, ಇಲ್ಲಿನ ಪ್ಲೇಯರ್‌ಗಳು ವಲಯ 5. ಇನ್ನೊಂದು ಕುಸಿತ ಎಂದು ಸಲಹೆಗಾರರು ಹೆದರಿದ್ದರು. ಹುಡುಗಿ ಡಿಸ್ಕನ್ನು ಕವರಿಗೆ ಹಾಕಿ, ಇಲ್ಲಿನದು ಬರಲಿ, ಕಾಯ್ತೀನಿ ಅಂದಳಂತೆ. ಆ ಹೊತ್ತಿಗೆ ಪಿಎಚ್‌ಕ್ಯೂ ಅಂಕ ಐದಕ್ಕೆ ಇಳಿದಿತ್ತು, ಹಿಮೋಗ್ಲೋಬಿನ್ 11.6ಕ್ಕೆ ಏರಿತ್ತು, ಭೌತಶಾಸ್ತ್ರ 50ಕ್ಕೆ 34.

ಸಂಕ್ರಾಂತಿ ಕಳೆದ ಮೊದಲ ಶನಿವಾರ ಎಂಟನೆಯದನ್ನು ನೋಡಿದರು. ರೈಲ್ವೆ ಪ್ಲಾಟ್‌ಫಾರಂ ದೃಶ್ಯಕ್ಕೆ ಹುಡುಗಿ ಅತ್ತಳು. ತಾಯಿಯೂ ಅತ್ತರು. ಮೊದಲೇ ಗೊತ್ತುಮಾಡಿಕೊಂಡಿದ್ದಂತೆ ಹೆಸರುಗಳ ಪಟ್ಟಿ ಬಂದ ತಕ್ಷಣ ಟಿವಿ ಆರಿಸಿ, ಚಪ್ಪಲಿ ಮೆಟ್ಟಿ ಇಬ್ಬರೂ ಕೆರೆ ಏರಿಯ ಮೇಲೆ ನಡೆದು ಬಂದರು. ಏಳನೇ ಮತ್ತು ಕೊನೆಯ ಭೇಟಿಯಲ್ಲಿ ಅಂಕ ಮೂರು.

ಇಂಥ ಪ್ರಕರಣ ಎದುರಾದವರಿಗೆ

ಈ ಏರ್ಪಾಡನ್ನು ಹೀಗೇ ಎತ್ತಿ ಇನ್ನೊಬ್ಬರಿಗೆ ಅನ್ವಯಿಸಿದರೆ ಕೆಲಸ ಮಾಡುತ್ತದೆ ಎಂಬ ಭರವಸೆ ಇಲ್ಲ. ಸರಣಿಯೊಂದು ಮುಗಿದಾಗ ಒಬ್ಬೊಬ್ಬರು ಕಳೆದುಕೊಳ್ಳುವುದು ಒಂದೊಂದು. ಕೆಲವರಿಗೆ ಪಾತ್ರವೇ ಹೋಗಿರುತ್ತದೆ, ಕೆಲವರಿಗೆ ಜೊತೆ ನೋಡುತ್ತಿದ್ದ ಗುಂಪು, ಕೆಲವರಿಗೆ ಚರ್ಚೆ, ಊಹಾಪೋಹ, ಜಗಳ. ಯಾವುದು ಎಂದು ತಿಳಿಯಲು ಕೇಳಬೇಕಾದ ಪ್ರಶ್ನೆ "ಯಾಕೆ ಅಳ್ತೀಯಾ" ಅಲ್ಲ, ಅದಕ್ಕೆ ಉತ್ತರ ಯಾರಲ್ಲೂ ಇರುವುದಿಲ್ಲ. ಯಾವ ಕ್ಷಣಕ್ಕೆ ಅಳು ಬಂತು, ಮತ್ತೆ ನೋಡಿದಾಗ ಏನು ಸಿಕ್ಕಿತು, ಏನು ಸಿಗಲಿಲ್ಲ, ಹಿಂದಿನದು ಮತ್ತು ಮುಂದಿನದರ ನಡುವೆ ದಿನಗಳನ್ನು ಹೇಗೆ ಕಳೆಯುತ್ತಿದ್ದೆ, ಇವನ್ನು ಕೇಳಬೇಕು. ಈ ಪ್ರಕರಣದಲ್ಲಿ ಎರಡನೇ ಪ್ರಶ್ನೆಯೊಂದನ್ನೇ ಆಗಸ್ಟ್‌ನಲ್ಲಿ ಕೇಳಿದ್ದರೆ ನಾಲ್ಕು ವಾರ ಉಳಿಯುತ್ತಿತ್ತು.

ಹುಡುಗಿ ತಾನಾಗಿಯೇ ಸರಿಹೋಗುತ್ತಿದ್ದಳೇ? ಬಹುಶಃ ಹೌದು, ಬಹಳ ಮಂದಿ ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ದ್ವಿತೀಯ ಪಿಯುಸಿಯ ವೇಳಾಪಟ್ಟಿ ಅಷ್ಟು ಕಾಯುವುದಿಲ್ಲ ಎನ್ನುವುದೇ ಕೈಹಾಕಲು ಕಾರಣ. ಕಬ್ಬಿಣಾಂಶದ ಮಾತ್ರೆಯ ಪಾಲು ಎಷ್ಟು, ಶನಿವಾರದ ಪಾಲು ಎಷ್ಟು ಎಂದು ಬಿಡಿಸಿ ಹೇಳಲೂ ಬರುವುದಿಲ್ಲ. ತಂದೆಯನ್ನು ಒಂದು ಸಲವೂ ಕರೆಸದೇ ಇದ್ದದ್ದು ಮಾತ್ರ ನೇರ ಲೋಪ. ಕೇಬಲ್ ತೆಗೆದಿಟ್ಟದ್ದು ತನ್ನ ತಪ್ಪು ಎಂದು ಆತ ಬಹಳ ದಿನ ಒಳಗೊಳಗೇ ನೊಂದುಕೊಂಡಿದ್ದರೆಂದು ತಾಯಿ ಆಮೇಲೆ ಹೇಳಿದರು.

ಹುಡುಗಿ ಮುಂದೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೇರಿದಳು. 2016ರ ಜನವರಿ 14ರಂದು, ಅದೇ ಸರಣಿಯ ಎಂಟೂ ಚಿತ್ರಗಳಲ್ಲಿ ಸ್ನೇಪ್ ಮೇಷ್ಟ್ರ ಪಾತ್ರ ಮಾಡಿದ್ದ ಅಲನ್ ರಿಕ್‌ಮನ್ ಲಂಡನ್ನಿನಲ್ಲಿ ತೀರಿಕೊಂಡರು. ರಾತ್ರಿ ಹಾಸ್ಟೆಲಿನಿಂದ ಅವಳು ಮನೆಗೆ ಫೋನ್ ಮಾಡಿದಾಗ ಹಲೋ ಅನ್ನುವ ಮುಂಚೆಯೇ ತಾಯಿ ಅಂದರಂತೆ: "ಟಿವಿಲಿ ನೋಡ್ದೆ ಕಣೇ. ಆ ಕರಿ ನಿಲುವಂಗಿ ಮೇಷ್ಟ್ರು ಹೋಗ್ಬಿಟ್ರಂತಲ್ಲ."